ಕಾಣೆಯಾದ ಇಪ್ಪತ್ತು ವೋಲ್ಟ್

ಆಗಸ್ಟ್ 4

ಕಡ್ಡಿ,

ಹೀಗೆ ಕರೆದರೆ ಈಗಲೂ ತಿರುಗಿ ನೋಡುತ್ತೀಯೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತೆರಡು ವರ್ಷವಾಯಿತು. ನಾನು ಗಲಾಟೆ. ಪಾಲಿಟೆಕ್ನಿಕ್ಕಿನ ಎರಡನೇ ಬೆಂಚಿನಲ್ಲಿ ನಿನ್ನ ಪಕ್ಕ ಕೂತು ನಿನ್ನ ಸ್ಕೇಲು, ನಿನ್ನ ರಬ್ಬರು, ನಿನ್ನ ಡಬ್ಬಿಯ ಊಟ ಎಲ್ಲವನ್ನೂ ಖಾಲಿ ಮಾಡುತ್ತಿದ್ದವಳು.

ನಿನ್ನ ವಿಳಾಸ ಸಿಕ್ಕಿದ್ದು ನಮ್ಮ ಮನೆಯ ಕರೆಂಟ್ ಮೀಟರಿನಿಂದ. ಅದಕ್ಕೆ ಹುಚ್ಚು ಹಿಡಿದಂತಾಗಿ ಇಲಾಖೆಯವರು ಬಿಚ್ಚಿಕೊಂಡು ಪರೀಕ್ಷೆಗೆ ಕಳಿಸಿದ್ದರು. ವಾಪಸು ಬಂದ ವರದಿಯ ಕೆಳಗೆ ಒಂದು ಸಹಿ. ಆ ಸಹಿಯ ಬಾಲ ನೋಡಿದ ಕೂಡಲೇ ಗೊತ್ತಾಯಿತು, ಇದು ನಮ್ಮ ಕಡ್ಡಿಯದೇ. ಫೋನ್ ಮಾಡಬಹುದಿತ್ತು. ಆದರೆ ಫೋನನ್ನು ನೀನು ಮಧ್ಯದಲ್ಲೇ ಇಟ್ಟುಬಿಡಬಹುದು. ಕಾಗದವಾದರೆ ಹರಿಯುವ ಮುಂಚೆ ಒಂದು ಸಲ ಓದಲೇಬೇಕಲ್ಲ. ನನ್ನ ನಂಬರನ್ನೂ ಬರೆಯುತ್ತಿಲ್ಲ. ಬರೆದು, ನೀನು ಮಾಡದೆ ಹೋದರೆ ಆ ಬೇಜಾರು ಬೇರೆ.

ನಾನೀಗ ಮಣ್ಣಿನ ಕೆಲಸದವಳು. ಮನೆಯ ಹಿಂದಿನ ಕೋಣೆಯಲ್ಲಿ ಒಂದು ತಿರುಗುಚಕ್ರ, ಒಂದು ಕರೆಂಟಿನ ಆವಿಗೆ. ಲೋಟ, ಬಟ್ಟಲು, ತಟ್ಟೆ ಮಾಡಿ ಸುಟ್ಟು ಮಾರುತ್ತೇನೆ. ನಮ್ಮವರು ರೈಲಿನಲ್ಲಿ ಗಾರ್ಡ್. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದು ನಾನು ಮತ್ತು ಅತ್ತೆ. ಅತ್ತೆಗೆ ಎಪ್ಪತ್ತೆಂಟು. ಲೋಟಗಳನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ ಒಡಕು ಹಿಡಿಯುವ ಕೆಲಸ ಅವರದು.

ಈಗ ಸಂಕಟಕ್ಕೆ ಬರುತ್ತೇನೆ. ಇಲ್ಲಿನ ಹೆರಿಗೆ ಆಸ್ಪತ್ರೆಯ ದೊಡ್ಡ ನರ್ಸಮ್ಮ ಬಂದು, ಅಲ್ಲಿ ಹುಟ್ಟುವ ಪ್ರತಿ ಮಗುವಿಗೂ ಒಂದು ಪುಟ್ಟ ಲೋಟ ಬೇಕು ಎಂದರು. ಅದರ ಮೇಲೆ ಹುಟ್ಟಿದ ದಿನ, ಗಳಿಗೆ, ತೂಕ. ಹೆಸರು ಬೇಡವಂತೆ. ಹೆಸರಿಡುವುದರೊಳಗೆ ಮನೆಮಂದಿ ಜಗಳವಾಡಿ ಮುಗಿಸಬೇಕಲ್ಲ! ಅಕ್ಟೋಬರ್ ಕೊನೆಯ ಭಾನುವಾರ ಹೊಸ ವಾರ್ಡು ತೆರೆಯುತ್ತದೆ. ಅಂದು, ಜುಲೈನಲ್ಲಿ ಹುಟ್ಟಿದ ಮಕ್ಕಳಿಂದ ಮೊದಲುಮಾಡಿ, ನೂರಿಪ್ಪತ್ತು ಲೋಟ ಕೊಡಬೇಕು. ನನ್ನ ಜೀವಮಾನದಲ್ಲೇ ಇಷ್ಟು ಚೆಂದದ ಕೆಲಸ ಸಿಕ್ಕಿರಲಿಲ್ಲ.

ಆದರೆ ಜೂನ್‌ನಲ್ಲಿ ಆವಿಗೆಯ ಒಳಗಿನ ಸುರುಳಿ ತಂತಿ ಸುಟ್ಟು ಚೂರಾಯಿತು. ಹೊಸ ತಂತಿ ತರಿಸಿ ನಾನೇ ಸುತ್ತಿದೆ. ಇದ್ದದ್ದು ನಲವತ್ತೆಂಟು ಮೀಟರು. ಹೆಚ್ಚು ತಂತಿ ಇದ್ದರೆ ಹೆಚ್ಚು ಬಿಸಿ ತಾನೆ ಎಂದು ಒತ್ತೊತ್ತಾಗಿ ಅಷ್ಟನ್ನೂ ತುಂಬಿಸಿದೆ. ಈಗ ಆವಿಗೆ ಒಂಬೈನೂರು ಡಿಗ್ರಿಗೆ ಬಂದು ಮೊಂಡು ಎಮ್ಮೆಯಂತೆ ನಿಂತುಬಿಡುತ್ತದೆ. ಲೋಟಕ್ಕೆ ಬಳಿದ ಗ್ಲೇಜ್ ಕರಗಿ ಗಾಜಿನಂತೆ ಮಿರುಗಬೇಕಾದರೆ ಸಾವಿರದ ಇನ್ನೂರು ಬೇಕು. ಹತ್ತು ಗಂಟೆ ಕಾದರೂ ಅಲ್ಲಾಡುವುದಿಲ್ಲ. ತೆಗೆದು ನೋಡಿದರೆ ಲೋಟಗಳು ಮುಖಕ್ಕೆ ಹಿಟ್ಟು ಬಳಿದುಕೊಂಡಂತೆ ಕೂತಿರುತ್ತವೆ. ಎಲೆಕ್ಟ್ರಿಷಿಯನ್ ಬಂದು ಮಣ್ಣು ಸರಿಯಿಲ್ಲ ಎಂದ. ಮಣ್ಣು ಮಾರುವವನು ಕರೆಂಟು ಸರಿಯಿಲ್ಲ ಎಂದ.

ಇದನ್ನು ಬಿಡಿಸಬಲ್ಲವಳು ನನಗೆ ಗೊತ್ತಿರುವಂತೆ ನೀನೊಬ್ಬಳೇ. ಹಳೆಯ ಮಾತು ಎತ್ತಲು ಬರೆದದ್ದಲ್ಲ. ಏನು ಮಾಡಲಿ, ಕಡ್ಡಿ ಮುರಿದ ಹಾಗೆ ಹೇಳು.

ಗಲಾಟೆ


ಆಗಸ್ಟ್ 11

ಗಲಾಟೆಗೆ,

ಕಾಗದ ತಲುಪಿತು. ಹರಿಯಲಿಲ್ಲ.

‘ಹತ್ತು ಗಂಟೆ ಕಾದೆ’, ‘ಮೊಂಡು ಎಮ್ಮೆ’ ಇವು ಅಳತೆಗಳಲ್ಲ. ನನಗೆ ಬೇಕಾದದ್ದು ಅಂಕಿ. ಆವಿಗೆಯ ಬೆನ್ನಿಗೆ ಒಂದು ತಗಡಿನ ಪಟ್ಟಿ ಇರುತ್ತದೆ. ಅದರ ಮೇಲಿರುವುದನ್ನು ಬರೆದು ಕಳಿಸು. ಆಮೇಲೆ ಆವಿಗೆ ಉರಿಯುತ್ತಿರುವಾಗ ಅದಕ್ಕೆ ಸಿಗುತ್ತಿರುವ ವೋಲ್ಟ್ ಎಷ್ಟು, ಅದು ಎಳೆಯುತ್ತಿರುವ ಆಂಪಿಯರ್ ಎಷ್ಟು ಎಂದು ಅಳೆದು ಹೇಳು. ಆಂಪಿಯರಿಗೆ ಕ್ಲ್ಯಾಂಪ್ ಮೀಟರ್ ಬೇಕು. ಇಕ್ಕಳದ ಹಾಗೆ ಬಾಯಿ ತೆರೆದು ತಂತಿಯನ್ನು ತಬ್ಬಿಕೊಳ್ಳುತ್ತದೆ, ಏನನ್ನೂ ಬಿಚ್ಚಬೇಕಾಗಿಲ್ಲ. ಯಾರಲ್ಲಾದರೂ ಇದ್ದೀತು, ಕೇಳಿ ನೋಡು. ರಬ್ಬರ್ ಚಪ್ಪಲಿ ಹಾಕಿಕೋ. ಒಂದು ಕೈ ಬೆನ್ನ ಹಿಂದೆ ಇರಲಿ.

ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ರೋಧ ಸಿಗುತ್ತದೆ, ಓಮ್‌ಗಳಲ್ಲಿ. ಎರಡನ್ನೂ ಗುಣಿಸಿದರೆ ಆವಿಗೆಯೊಳಗೆ ಎಷ್ಟು ಶಕ್ತಿ ಬಿಸಿಯಾಗುತ್ತಿದೆ ಎಂದು ಸಿಗುತ್ತದೆ, ವ್ಯಾಟ್‌ಗಳಲ್ಲಿ. ಒಂದು ಭಾಗಾಕಾರ, ಒಂದು ಗುಣಾಕಾರ. ಇದರಾಚೆ ನಿನ್ನ ಆವಿಗೆಯಲ್ಲಿ ಗುಟ್ಟೇನೂ ಇಲ್ಲ.

ನಾನೀಗ ಕಡ್ಡಿಯಲ್ಲ. ಎಂಬತ್ತೆರಡು ಕಿಲೋ. ಇದು ಅಳತೆ.

ಮುಖ್ಯ ಪರೀಕ್ಷಕಿ, ಮೀಟರ್ ಪರೀಕ್ಷಾ ಕೇಂದ್ರ
(ಮೊಹರು ಅಭ್ಯಾಸಬಲದಿಂದ ಬಿತ್ತು. ಕ್ಷಮಿಸು.)


ಆಗಸ್ಟ್ 17

ಎಂಬತ್ತೆರಡು ಕಿಲೋ ಕಡ್ಡಿಗೆ,

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. “ಈ ಹುಡುಗಿ ಮಾತು ತೂಕ ಹಾಕಿ ಕೊಡ್ತಾಳಲ್ಲೇ!” ಎಂದರು. ನಿನಗೆ ನಲವತ್ತಮೂರು ಎಂದು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಎಪ್ಪತ್ತರ ಒಳಗಿನವರೆಲ್ಲ ಹುಡುಗಿಯರೇ.

ಎದುರು ಮನೆಯಲ್ಲಿ ಲಿಫ್ಟ್ ರಿಪೇರಿ ಮಾಡುವವನಿದ್ದಾನೆ. ಒಂದು ಜೊತೆ ಲೋಟ ಕೊಡುತ್ತೇನೆಂದ ಮೇಲೆ ಕ್ಲ್ಯಾಂಪ್ ಮೀಟರ್ ಕೊಟ್ಟ. ಕೈ ಮರೆತಿಲ್ಲ ಕಡ್ಡಿ! ಮೀಟರ್ ಹಿಡಿದ ಕೂಡಲೇ ಬೆರಳುಗಳಿಗೆ ಎಲ್ಲ ನೆನಪಾಯಿತು.

ತಗಡಿನ ಪಟ್ಟಿ ಉಜ್ಜಿ ಉಜ್ಜಿ ಓದಿದೆ: 230 ವೋಲ್ಟ್, 24 ಆಂಪಿಯರ್. ಗುಣಿಸಿದರೆ 5520 ವ್ಯಾಟ್. ಅಂದರೆ ಅದು ಗಟ್ಟಿಯಾಗಿದ್ದಾಗ ಐದೂವರೆ ಸಾವಿರ ಕೊಡುತ್ತಿತ್ತು. ಈಗ ಉರಿಯುವಾಗ ಅಳೆದರೆ 210 ವೋಲ್ಟ್, 15 ಆಂಪಿಯರ್. ಭಾಗಿಸಿದೆ: ರೋಧ 14 ಓಮ್. ಗುಣಿಸಿದೆ: 3150 ವ್ಯಾಟ್. ಪಾಪ, ಅರ್ಧ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿದೆ. ನಾನು ಅದಕ್ಕೆ ಎಷ್ಟೆಲ್ಲ ಬೈದೆ.

ನೀನು ಎರಡು ಅಂಕಿ ಕೇಳಿದರೆ ನಾನು ಮೂರು ಕೊಡುವವಳು, ಗೊತ್ತಲ್ಲ. ಮೀಟರ್ ಹೇಗೂ ಕೈಯಲ್ಲಿತ್ತೆಂದು ಮುಂಬಾಗಿಲ ಹತ್ತಿರದ ಮೇನ್ ಬೋರ್ಡಿನಲ್ಲೂ ಅಳೆದೆ. ಆವಿಗೆ ಉರಿಯುತ್ತಿರುವಾಗಲೂ ಅಲ್ಲಿ ಸರಿಯಾಗಿ 230 ಇತ್ತು.

ಅತ್ತೆಯ ಬೆನ್ನುನೋವು ಮಾತ್ರ ಈ ಅವಾಂತರದಲ್ಲಿ ಕಡಿಮೆಯಾಗಿದೆ. ಆವಿಗೆ ಹಚ್ಚಿದ ದಿನ ಹಜಾರದ ಗೋಡೆ ಬೆಚ್ಚಗಾಗುತ್ತದಂತೆ. ಆವಿಗೆ ಇರುವುದು ಎರಡು ಕೋಣೆಯ ಆಚೆ. ಬಿಸಿ ಅಲ್ಲಿಂದ ಹೇಗೆ ಹರಿದು ಬರುತ್ತದೋ ಕಾಣೆ. ಮಂಚವನ್ನು ಆ ಗೋಡೆಗೇ ಒತ್ತಿಸಿಕೊಂಡು, ಬೆನ್ನು ಆನಿಸಿ ರಾಣಿಯಂತೆ ಕೂರುತ್ತಾರೆ.

ಗುರುವಾರ, ಇಪ್ಪತ್ತನೇ ತಾರೀಕು ಮಧ್ಯಾಹ್ನ ಇನ್ನೊಂದು ಸಲ ಹಚ್ಚುತ್ತೇನೆ. ಹತ್ತಲ್ಲ, ಈ ಸಲ ಹದಿನಾಲ್ಕು ಗಂಟೆ ಬಿಡೋಣ ಎಂದಿದ್ದೇನೆ.

ಗಲಾಟೆ


ಆಗಸ್ಟ್ 20, ಬೆಳಗ್ಗೆ 8.40

ಗಲಾಟೆ,

ಆವಿಗೆ ಹಚ್ಚಬೇಡ. ಹಚ್ಚಿದ್ದರೆ ಈಗಲೇ ಮೇನ್ ಸ್ವಿಚ್ ಆರಿಸು. ಆರಿಸಿ ಬಂದು ಮುಂದಿನದನ್ನು ಓದು.

ಮೇನ್ ಬೋರ್ಡಿನಲ್ಲಿ 230. ಆವಿಗೆಯ ಬುಡದಲ್ಲಿ 210. ನಡುವೆ ಇಪ್ಪತ್ತು ವೋಲ್ಟ್ ಎಲ್ಲಿ ಹೋಯಿತು? ದಾರಿಯಲ್ಲೇ ಎಲ್ಲೋ ತಿಂದುಹೋಗುತ್ತಿದೆ. ಇಪ್ಪತ್ತನ್ನು ಹದಿನೈದರಿಂದ ಗುಣಿಸು. ಮುನ್ನೂರು ವ್ಯಾಟ್. ನೂರು ವ್ಯಾಟಿನ ಮೂರು ಬಲ್ಬುಗಳನ್ನು ಉರಿಯುತ್ತಿರುವಂತೆಯೇ ಗೋಡೆಯೊಳಗೆ ಹೂತಿಟ್ಟ ಹಾಗೆ. ಆವಿಗೆಯ ಬಿಸಿ ಎರಡು ಕೋಣೆ ದಾಟಿ ಬರುವುದಿಲ್ಲ. ನಿಮ್ಮ ಅತ್ತೆ ಬೆನ್ನು ಆನಿಸಿರುವುದು ಅದಕ್ಕೆ.

ಮಂಚ ಸರಿಸು. ಆ ಗೋಡೆಯಲ್ಲಿ ತಂತಿ ಸೇರುವ ಡಬ್ಬಿ ಇದ್ದರೆ, ಮೇನ್ ಆರಿಸಿದ ಮೇಲೆ ತೆಗೆದು ನೋಡು.

ನಿನ್ನ ಕಾಗದ ಈಗ ಹತ್ತು ನಿಮಿಷದ ಹಿಂದೆ ಬಂತು. ನಿಮ್ಮ ಮೀಟರಿನ ಕಡತದಲ್ಲಿದ್ದ ನಂಬರಿಗೆ ನಾಲ್ಕು ಸಲ ಮಾಡಿದೆ, ಅದು ನಿಮ್ಮವರದು, ಸ್ವಿಚ್ ಆಫ್. ನಮ್ಮ ವ್ಯಾನು ಮೀಟರ್ ತರಲು ನಿಮ್ಮ ಕಡೆಗೇ ಹೊರಟಿದೆ. ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ಎಲ್ಲೂ ಚಹಾಕ್ಕೆ ನಿಲ್ಲಿಸಕೂಡದು ಎಂದು ಹೇಳಿದ್ದೇನೆ.

ಕಡ್ಡಿ


ಆಗಸ್ಟ್ 21

ಕಡ್ಡಿ,

ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ನಿನ್ನೆ ಹನ್ನೊಂದೂವರೆಗೆ ಲೋಟ ಜೋಡಿಸಿ ಆವಿಗೆಯ ಬಾಗಿಲು ಹಾಕಿದ್ದೆ. ಸ್ವಿಚ್ಚಿಗೆ ಕೈ ಚಾಚುವಷ್ಟರಲ್ಲಿ ಹೊರಗೆ ಹಾರ್ನೋ ಹಾರ್ನು. ನೋಡಿದರೆ ನಿನ್ನ ವ್ಯಾನು. ಡ್ರೈವರ್ ಇಳಿಯುವ ಮೊದಲೇ ಕೂಗಿದ, “ಅಮ್ಮಾ, ಕಾಗದ ಆಮೇಲೆ, ಮೊದ್ಲು ಮೇನ್ ಆಫ್ ಮಾಡ್ಸು ಅಂದಿದಾರೆ ಮೇಡಮ್ಮು! ಎಲ್ಲಿದೆ ಮೇನು?” ನಾನು ಬೆಪ್ಪಾಗಿ ಬೆರಳು ತೋರಿಸಿದೆ. ಅವನೇ ಹೋಗಿ ಆರಿಸಿದ. ಆಮೇಲೆ, “ಮೂರು ಗಂಟೆಯಿಂದ ಎಲ್ಲೂ ನಿಲ್ಲಿಸದೆ ಓಡಿಸಿದೀನಮ್ಮಾ, ಒಂದು ಲೋಟ ಚಹಾ ಸಿಗುತ್ತಾ?” ಎಂದ. ಎರಡು ಲೋಟ ಕೊಟ್ಟೆ.

ಅತ್ತೆಯನ್ನು ಎಬ್ಬಿಸಿ ಮಂಚ ಸರಿಸಿದೆವು. ಮಂಚದ ಹಿಂದೆ, ಹಾಸಿಗೆಗೆ ತಾಗಿಕೊಂಡಂತೆ, ಸುಣ್ಣ ಬಳಿದುಹೋಗಿದ್ದ ಒಂದು ಮರದ ಡಬ್ಬಿ. ಇಷ್ಟು ವರ್ಷ ಅದು ಅಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. ಮುಚ್ಚಳ ತೆಗೆದರೆ ಒಳಗೆಲ್ಲ ಇದ್ದಿಲು. ಯಾವ ಕಾಲದಲ್ಲೋ ಯಾರೋ ಎರಡು ತಂತಿಗಳನ್ನು ಸುಮ್ಮನೆ ಹೊಸೆದು ಟೇಪು ಸುತ್ತಿದ್ದರು. ಟೇಪು ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು. ಹಾಸಿಗೆಯ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಹತ್ತಿಯ ಹಾಸಿಗೆ, ಕಡ್ಡಿ. ಹದಿನಾಲ್ಕು ಗಂಟೆ ಬಿಡೋಣ ಎಂದಿದ್ದೆ ನಾನು.

ಅತ್ತೆ ಬಗ್ಗಿ ಆ ಡಬ್ಬಿಯೊಳಗೆ ಇಣುಕಿದರು. ಆಮೇಲೆ, “ಹಾಗಾದ್ರೆ ನನ್ನ ಬೆನ್ನಿಗೆ ಇನ್ನು ಕಾವು ಕೊಡೋರು ಯಾರು?” ಎಂದರು. ನಾನೂ ಡ್ರೈವರೂ ನಕ್ಕು ನಕ್ಕು ನೆಲಕ್ಕೆ ಕೂತೆವು. ನಗುತ್ತಲೇ ನನಗೆ ಅಳು ಬಂತು. ಬಿಸಿನೀರಿನ ಚೀಲ ತಂದುಕೊಟ್ಟಿದ್ದೇನೆ. ಗೋಡೆಯಷ್ಟು ಚೆನ್ನಾಗಿಲ್ಲವಂತೆ.

ಮೂರು ಅಂಕಿ ನೋಡಿ, ಮೂರು ಗಂಟೆಯ ದಾರಿಯಾಚೆ ಕೂತು, ನಮ್ಮತ್ತೆಯ ಬೆನ್ನ ಹಿಂದಿನ ಬೆಂಕಿ ಕಂಡುಹಿಡಿದೆ. ಅವತ್ತು ಮೊಳದಷ್ಟು ದೂರದಲ್ಲಿ ನಿಂತಿದ್ದೆಯಲ್ಲ, ಅವತ್ತು...

ಬಿಡು.

ಗಲಾಟೆ


ಸೆಪ್ಟೆಂಬರ್ 1

ಗಲಾಟೆಗೆ,

ಅತ್ತೆ ಕ್ಷೇಮವಾಗಿರುವುದು ತಿಳಿದು ಸಮಾಧಾನ.

ಮೇನ್ ಬೋರ್ಡಿನಿಂದ ಆವಿಗೆಯವರೆಗೆ ಹೊಸ ದಪ್ಪ ಕೇಬಲ್ ಎಳೆಸು. ನಡುವೆ ಎಲ್ಲೂ ಜೋಡಣೆ ಇರಕೂಡದು. ಅದಾದ ಮೇಲೆ ಆವಿಗೆಗೆ ಸುಮಾರು 228 ವೋಲ್ಟ್ ಸಿಗುತ್ತದೆ.

ಇನ್ನು ಸುರುಳಿಯ ಲೆಕ್ಕ. ನಿನಗೆ ಬೇಕಾದದ್ದು 24 ಆಂಪಿಯರ್. 228ನ್ನು 24ರಿಂದ ಭಾಗಿಸಿದರೆ ಒಂಬತ್ತೂವರೆ ಓಮ್. ನಿನ್ನ ತಂತಿಯ ರೋಧ 14 ಓಮ್, ಹೆಚ್ಚಾಯಿತು. ರೋಧ ಹೆಚ್ಚಾದರೆ ಕರೆಂಟು ಕಡಿಮೆ ಹರಿಯುತ್ತದೆ, ಬಿಸಿಯೂ ಕಡಿಮೆ. ನಲವತ್ತೆಂಟು ಮೀಟರಿಗೆ 14 ಓಮ್ ಎಂದಾದರೆ ಒಂಬತ್ತೂವರೆ ಓಮಿಗೆ ಮೂವತ್ತೆರಡೂವರೆ ಮೀಟರ್ ಸಾಕು. ಹದಿನೈದೂವರೆ ಮೀಟರ್ ಕತ್ತರಿಸಿ ತೆಗೆ. ಉಳಿದದ್ದನ್ನು ಸಮನಾಗಿ ಎಳೆದು ಆವಿಗೆಯ ಒಳಗೋಡೆಯ ಕೊರಕಲುಗಳಲ್ಲಿ ಕೂರಿಸು.

‘ಬಿಡು’ ಎಂದಿದ್ದೀಯ. ಬಿಟ್ಟಿದ್ದೇನೆ.

ಕಡ್ಡಿ


ಸೆಪ್ಟೆಂಬರ್ 6

ಕಡ್ಡಿ,

ಬಿಟ್ಟಿದ್ದೀಯಾ? ಎಷ್ಟು ಸಲೀಸು! ನಾನು ಬಿಡು ಎಂದದ್ದು ನೀನು ಬಿಡಲಿ ಎಂದಲ್ಲ ಮಾರಾಯ್ತಿ.

ಕೇಬಲ್ ಹಾಕಿಸಿದೆ. ನಿನ್ನ ಕಾಗದವನ್ನು ಆವಿಗೆಯ ಮೇಲಿಟ್ಟುಕೊಂಡು, ಕತ್ತರಿಸುವ ಇಕ್ಕಳ ಹಿಡಿದು ಎರಡು ದಿನ ಕೂತೆ. ಕೈ ಬರಲಿಲ್ಲ. ಈ ತಂತಿ ಮತ್ತೆ ಬೇಕೆಂದರೆ ಮೂರು ತಿಂಗಳು ಕಾಯಬೇಕು. ಕತ್ತರಿಸಿ, ಅದು ತಪ್ಪಾದರೆ, ಹೊಸ ವಾರ್ಡಿನ ಮಕ್ಕಳಿಗೆ ಲೋಟವಿಲ್ಲ. ತಂತಿ ಕಡಿಮೆ ಮಾಡಿದರೆ ಬಿಸಿ ಹೆಚ್ಚುತ್ತದೆ ಎನ್ನುತ್ತೀಯ. ನಿನ್ನ ಮಾತು ನಂಬಬೇಕು. ಅಲ್ಲಿಗೆ ಬಂದು ನಿಂತಿದೆ ಕಥೆ. ಹಾಗಾಗಿ ಹೇಳಿಯೇ ಬಿಡುತ್ತೇನೆ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ನಮ್ಮಿಬ್ಬರಿಗೂ ಒಂದೇ ಮೇಜು, ಒಂದೇ ಬಲ್ಬು. ಅದರ ರೋಧ ಹುಡುಕಬೇಕಿತ್ತು. ನೀನು ಬಲ್ಬು ಹಚ್ಚಿ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ 535 ಎಂದು ಬರೆದೆ. ನಾನು ಹಚ್ಚುವ ಮೊದಲೇ ಮೀಟರಿನಿಂದ ನೇರ ಅಳೆದು, ಕಣ್ಣಾರೆ ಕಂಡ 40 ಬರೆದೆ. ಪರೀಕ್ಷಕರು ಎರಡೂ ಹಾಳೆ ನೋಡಿ ನಕ್ಕರು.

“ಒಂದೇ ಬಲ್ಬಿಗೆ ಎರಡು ರೋಧ ಇರತ್ತೇನಮ್ಮಾ? ಅಳೀದೇನೇ ಬಾಯಿಗೆ ಬಂದಿದ್ದು ಬರ್ದಿದೀಯ.”

“ಇಲ್ಲ ಸರ್, ಅಳೆದೇ ಬರ್ದಿದ್ದು. ಮೀಟರಿನ ಇನ್ನೊಂದು ತುದಿ ಹಿಡ್ಕೊಂಡಿದ್ದು ಇವಳೇ. ಇವಳೂ ನೋಡಿದಾಳೆ.”

ಅವರು ನಿನ್ನ ಕಡೆ ತಿರುಗಿದರು. “ಹೌದಾ? ನೀನು ನೋಡಿದ್ಯಾ?”

ನೀನು ನೆಲ ನೋಡಿದೆ. ನೋಡುತ್ತಲೇ ಇದ್ದೆ. ಅವರು ನನ್ನ ಹಾಳೆಯ ಮೇಲೆ ಗೀಟು ಎಳೆದರು.

ಫೇಲಾದದ್ದಕ್ಕೆ ನನಗೆ ದುಃಖವಿಲ್ಲ. ಮತ್ತೆ ಪರೀಕ್ಷೆ ಕಟ್ಟಬಹುದಿತ್ತು. ಕಟ್ಟಲಿಲ್ಲ, ಅದು ನನ್ನ ಹಟ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿನ್ನ ಜಾಗ ಹಿಡಿದಿಟ್ಟುಕೊಂಡಿದ್ದೆ, ಎಂದಿನ ಹಾಗೆ. ನೀನು ಹತ್ತದೆ ಆಮೇಲಿನ ಬಸ್ಸಿಗೆ ಬಂದೆ.

ಈಗ ಹೇಳು, ಕತ್ತರಿಸಲಾ?

ಗಲಾಟೆ


ಸೆಪ್ಟೆಂಬರ್ 27

ಗಲಾಟೆ,

ಮೂರು ವಾರ ತಡವಾಯಿತು. ಒಂಬತ್ತು ಸಲ ಬರೆದು ಹರಿದೆ. ಕಚೇರಿಯ ಕಸ ಗುಡಿಸುವಾಕೆ, “ಮೇಡಂ, ಯಾರಿಗಾದ್ರೂ ಪ್ರೇಮಪತ್ರನಾ?” ಎಂದು ಕೇಳಿದಳು.

ನಾನು ನೋಡಿದ್ದೆ. ಮುಳ್ಳು ನಲವತ್ತರ ಮೇಲೆ ನಿಂತದ್ದನ್ನು ನಿನ್ನಷ್ಟೇ ಚೆನ್ನಾಗಿ ನೋಡಿದ್ದೆ. ಅವತ್ತು ನಾನೂ ಆ ಅಂಕಿ ತಪ್ಪೆಂದೇ ತಿಳಿದಿದ್ದೆ. ಹೌದೆಂದರೆ ನನ್ನ ಹಾಳೆಯ ಮೇಲೂ ಗೀಟು ಬೀಳುತ್ತದೆ ಎಂದು ಹೆದರಿದೆ. ಆದರೆ ಅವರು ಕೇಳಿದ್ದು ನಲವತ್ತು ಸರಿಯೋ ತಪ್ಪೋ ಎಂದಲ್ಲ. ನೋಡಿದೆಯಾ ಎಂದು. ಅದಕ್ಕೆ ಉತ್ತರ ಒಂದೇ ಇತ್ತು, ಅದು ನನ್ನ ಬಾಯಲ್ಲಿತ್ತು, ನಾನು ನುಂಗಿದೆ. ಬಸ್ಸಿನಲ್ಲಿ ನೀನು ಜಾಗ ಹಿಡಿದಿದ್ದೀಯೆಂದು ಕಿಟಕಿಯಲ್ಲಿ ಕಂಡಿತು. ಕಂಡದ್ದಕ್ಕೇ ಹತ್ತಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಹೊಸ ಬಲ್ಬು ತಂದು ತಣ್ಣಗಿರುವಾಗ ಅಳೆದೆ. ನಲವತ್ತು. ಹಚ್ಚಿ ಅಳೆದು ಭಾಗಿಸಿದೆ. ಐನೂರ ಮೂವತ್ತೈದು. ಬಲ್ಬಿನ ತಂತಿ ಬೆಳ್ಳಗೆ ಕಾದಾಗ ಅದರ ರೋಧ ಹದಿಮೂರು ಪಟ್ಟು ಏರುತ್ತದೆ. ನೀನು ತಣ್ಣಗಿದ್ದದ್ದನ್ನು ಅಳೆದೆ, ನಾನು ಉರಿಯುತ್ತಿದ್ದದ್ದನ್ನು. ಇಬ್ಬರದೂ ಸರಿ. ತಪ್ಪಿದ್ದು ಗೀಟು ಎಳೆದವರು, ಮತ್ತೆ ಬಾಯಿ ಮುಚ್ಚಿ ನಿಂತವಳು. ಅವತ್ತೇ ನಿನಗೆ ಬರೆಯಬೇಕಿತ್ತು. ನಾಳೆ ಬರೆಯೋಣ ಎಂದುಕೊಂಡೆ. ಆ ನಾಳೆಗೆ ಇಪ್ಪತ್ತೆರಡು ವರ್ಷ ಹಿಡಿಯಿತು, ಅದೂ ನೀನೇ ಬರೆದದ್ದರಿಂದ.

ತಪ್ಪಾಯಿತು. ಇದಕ್ಕಿಂತ ದೊಡ್ಡ ಪದ ಹುಡುಕಿದೆ, ಸಿಗಲಿಲ್ಲ.

ತಂತಿಯ ವಿಷಯಕ್ಕೆ ನನ್ನನ್ನು ನಂಬಬೇಡ. ಅಳೆದು ನೋಡು. ಆವಿಗೆಯ ತಂತಿ ಬೇರೆ ಲೋಹ, ಬಲ್ಬಿನದರ ಹಾಗೆ ಬಿಸಿಗೆ ಬದಲಾಗುವುದಿಲ್ಲ. ತಣ್ಣಗಿರುವಾಗ ಸಿಕ್ಕ ಅಂಕಿಯೇ ಹೆಚ್ಚು ಕಡಿಮೆ ಉರಿಯುವಾಗಲೂ ಇರುತ್ತದೆ. ಸುರುಳಿಯನ್ನು ಕರೆಂಟಿನಿಂದ ಪೂರ್ತಿ ಬಿಡಿಸು. ಸ್ಕೂಟರಿನ ಬ್ಯಾಟರಿಯನ್ನು ಸುರುಳಿಯ ಎರಡು ತುದಿಗೂ ಕೊಟ್ಟು ಆಂಪಿಯರ್ ಅಳೆ. ಆಮೇಲೆ ಒಂದು ತುದಿಯನ್ನು ಸುರುಳಿಯ ನಟ್ಟನಡುವೆಗೆ ತಂದು ಮತ್ತೆ ಅಳೆ. ಎರಡು ಅಂಕಿಯನ್ನೂ ಎದುರೆದುರು ಬರೆ. ಕತ್ತರಿಸಬೇಕೋ ಬೇಡವೋ ಎಂದು ಅವೇ ಹೇಳುತ್ತವೆ. ನೀನು ಯಾವತ್ತೂ ಅಳೆದೇ ಬರೆದವಳು.

ಕಡ್ಡಿ


ಅಕ್ಟೋಬರ್ 9

ಕಡ್ಡೀ!

ಮೊದಲು ಅಂಕಿ. ಬ್ಯಾಟರಿ 12.4 ವೋಲ್ಟ್. ಪೂರ್ತಿ ಸುರುಳಿಗೆ 0.88 ಆಂಪಿಯರ್. ಅರ್ಧ ಸುರುಳಿಗೆ 1.76! ಗುಣಿಸಿದರೆ ಅಲ್ಲಿ ಹನ್ನೊಂದು ವ್ಯಾಟ್, ಇಲ್ಲಿ ಇಪ್ಪತ್ತೆರಡು. ತಂತಿ ಅರ್ಧ, ಬಿಸಿ ಎರಡರಷ್ಟು. ಮೀಟರ್ ಓದಿದ್ದು ಅತ್ತೆ. ಹೊಸ ಕನ್ನಡಕ ಹಾಕಿಕೊಂಡು, “ಒಂದು, ಚುಕ್ಕಿ, ಏಳು, ಆರು” ಎಂದರು. ನಾನು ನಂಬದೆ ಮತ್ತೆ ಓದಿಸಿದೆ. “ನನಗೆ ವಯಸ್ಸಾಗಿರೋದು ಕಣೆ, ಅಂಕಿಗಲ್ಲ!” ಎಂದು ಬೈದರು.

ಇಕ್ಕಳ ತಗೊಂಡು ಕತ್ತರಿಸಿದೆ. ಟಕ್ ಎಂದಿತು. ಅಷ್ಟೇ. ಇದಕ್ಕಾ ನಾನು ಒಂದು ತಿಂಗಳು ಒದ್ದಾಡಿದ್ದು?

ಮೊನ್ನೆ ಬೆಳಗ್ಗೆ ಆರಕ್ಕೆ ಆವಿಗೆ ಹಚ್ಚಿದೆ. ಆವಿಗೆಯ ಬುಡದಲ್ಲಿ 228 ವೋಲ್ಟ್, 24 ಆಂಪಿಯರ್. ನೀನು ಹೇಳಿದ ಅಂಕಿಗಳೇ ಬಂದು ನಿಂತವು. ಹನ್ನೊಂದು ಗಂಟೆಗೆ ಒಂಬೈನೂರು ಡಿಗ್ರಿ. ಎಮ್ಮೆ ನಿಲ್ಲುತ್ತಿದ್ದ ಜಾಗ. ಅತ್ತೆ ಕುರ್ಚಿ ಹಾಕಿಸಿಕೊಂಡು ಉಷ್ಣಮಾಪಕದ ಎದುರೇ ಕೂತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

“ಒಂಬೈನೂರ ಒಂದು!” ಎಂದು ಕೂಗಿದರು. ಸ್ವಲ್ಪ ಹೊತ್ತು ಬಿಟ್ಟು, “ಒಂಬೈನೂರ ನಾಲ್ಕು! ಏ ಹುಡುಗಿ, ಹೊಸಿಲು ದಾಟ್ತು ಕಣೆ!”

ಆಮೇಲೆ ಬಾಯಿಗೆ ಬಿಡುವೇ ಇಲ್ಲ, ಹರಾಜು ಕೂಗಿದ ಹಾಗೆ ಕೂಗುತ್ತಲೇ ಇದ್ದರು. ಸಾವಿರ ಆದಾಗ ಎದುರು ಮನೆಯ ಲಿಫ್ಟಿನವನು ಬಂದ. ಸಾವಿರದ ನೂರಕ್ಕೆ ಪಕ್ಕದ ಮನೆಯ ಟೈಲರ್ ಕತ್ತರಿ ಹಿಡಿದುಕೊಂಡೇ ಬಂದ. ಮಧ್ಯಾಹ್ನ ಮೂರಕ್ಕೆ ಸಾವಿರದ ಇನ್ನೂರು. ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಇಟ್ಟಿಗೆ ಪೆಟ್ಟಿಗೆಗೆ!

ನಿನ್ನೆ ಸಂಜೆ ತಣಿದ ಮೇಲೆ ಬಾಗಿಲು ತೆಗೆದೆ. ತಿಳಿ ನೀಲಿ, ಕಡ್ಡಿ! ಮುಂಜಾನೆಯ ಆಕಾಶದ ನೀಲಿ. ಮುಟ್ಟಿದರೆ ಬೆರಳು ಜಾರುತ್ತದೆ. ಅದರ ಮೇಲೆ ಕಂದು ಅಕ್ಷರದಲ್ಲಿ ‘ಬೆಳಗ್ಗೆ 4.10, ಎರಡು ಕಿಲೋ ಒಂಬೈನೂರು’. ಅತ್ತೆ ಒಂದೊಂದನ್ನೂ ತಟ್ಟಿ ಕಿವಿಗಿಟ್ಟುಕೊಂಡರು. ಏಳು ಸೊಟ್ಟಗಾಗಿವೆ, ಅವನ್ನು ಮತ್ತೆ ಮಾಡುತ್ತೇನೆ. ದೊಡ್ಡ ನರ್ಸಮ್ಮ ಬಂದು ನೋಡಿ ನನ್ನ ಎರಡು ಕೆನ್ನೆಯನ್ನೂ ಹಿಂಡಿ ಹೋದರು.

ನಿನ್ನ ಕಾಗದ ಮೂರು ಸಲ ಓದಿದೆ. ಪಾಸಾಗಿದ್ದರೆ ನಾನೂ ಎಲ್ಲೋ ಮೇಜಿನ ಹಿಂದೆ ಕೂತು ಮೊಹರು ಒತ್ತುತ್ತಿದ್ದೆ. ಆ ಬೇಸಿಗೆ ಸಿಟ್ಟಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗದಿದ್ದರೆ, ಅವರ ಬೀದಿಯ ಮಡಕೆ ಮಾಡುವಾಕೆಯ ಚಕ್ರದ ಮುಂದೆ ಕೂರುತ್ತಲೇ ಇರಲಿಲ್ಲ. ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. ಕೋಪ ಇತ್ತು, ಬಹಳ ವರ್ಷ ಚೆನ್ನಾಗಿ ಸಾಕಿದ್ದೆ. ಈಗ ಹುಡುಕಿದರೆ ಸಿಗುತ್ತಿಲ್ಲ. ಅಷ್ಟೇ.

ಕೊನೆಯ ಭಾನುವಾರ ಬಾ. ಬರದಿದ್ದರೆ ಅತ್ತೆಯನ್ನು ವ್ಯಾನಿನಲ್ಲಿ ಕೂರಿಸಿ ಅಲ್ಲಿಗೇ ಕಳಿಸುತ್ತೇನೆ.

ನಿನ್ನ ಗಲಾಟೆ


ನವೆಂಬರ್ 3

ಪ್ರೀತಿಯ ಗಲಾಟೆ,

ಮನೆ ಸೇರಿ ಎಂಟು ದಿನವಾಯಿತು. ಉಗುರಿನ ಸಂದಿಯಲ್ಲಿ ಇನ್ನೂ ನಿನ್ನ ಮಣ್ಣಿದೆ. ತೊಳೆಯಲು ಮನಸ್ಸಾಗುತ್ತಿಲ್ಲ.

ನಿಮ್ಮೂರಿಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಿನ್ನ ಎದುರು ನಿಂತು ಹೇಳಬೇಕಾದ ಮಾತನ್ನು ಉರು ಹೊಡೆದಿದ್ದೆ. ಬಾಯಲ್ಲಿ ಹೇಳದೆ ಕಾಗದದಲ್ಲಿ ಹೇಳಿದ್ದು ಅರ್ಧವೇ ಆಯಿತು ಅನ್ನಿಸುತ್ತಿತ್ತು. ನೀನು ಬಾಗಿಲು ತೆಗೆದು, “ಅಯ್ಯೋ, ನಿಜವಾಗ್ಲೂ ಎಂಬತ್ತೆರಡೇ ಕಣೇ!” ಎಂದು ಕಿರುಚಿದಾಗ ಎಲ್ಲ ಮರೆತುಹೋಯಿತು. ಊಟಕ್ಕೆ ಕೂತಾಗ ಧೈರ್ಯ ಮಾಡಿ, ತಟ್ಟೆ ನೋಡದೆ, ನಿನ್ನ ಮುಖವನ್ನೇ ನೋಡಿಕೊಂಡು ಹೇಳಿದೆ: “ನಾನು ನೋಡಿದ್ದೆ. ಅವತ್ತು ಹೇಳ್ಬೇಕಿತ್ತು. ತಪ್ಪಾಯ್ತು.” ನೀನು ಲೋಟ ಹಿಡಿದುಕೊಂಡೇ ಕೂತೆ. ಅತ್ತೆಯೇ, “ಇಪ್ಪತ್ತೆರಡು ವರ್ಷ ತಡ ಆಗಿದೆ, ಇನ್ನೆರಡು ನಿಮಿಷ ಆದ್ರೆ ಸಾರೂ ತಣ್ಣಗಾಗುತ್ತೆ. ಬಡಿಸ್ಕೊಳ್ಳಿ ಇಬ್ರೂ” ಎಂದರು. ಅಷ್ಟು ರುಚಿಯಾದ ಊಟ ನಾನು ಉಂಡಿಲ್ಲ.

ಆಸ್ಪತ್ರೆಯಲ್ಲಿ ಲೋಟ ಹಂಚಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅವಳಿಗಳ ಅಪ್ಪ ಎರಡು ಲೋಟ ಹಿಡಿದುಕೊಂಡು ಯಾವುದು ಯಾರದೆಂದು ತಿಳಿಯದೆ ಪೇಚಾಡಿದ್ದು, ದೊಡ್ಡ ನರ್ಸಮ್ಮ ತಕ್ಕಡಿ ತರಿಸಿ ಇಬ್ಬರನ್ನೂ ಮತ್ತೆ ತೂಗಿಸಿದ್ದು, ಮೂರು ತಿಂಗಳಲ್ಲಿ ಚಿಕ್ಕದು ದೊಡ್ಡದನ್ನು ಮೀರಿಸಿಬಿಟ್ಟಿದ್ದು! ನನ್ನ ಕೈಗೆ ಯಾರದೋ ಮಗುವನ್ನು ಕೊಟ್ಟು ನೀನು ಮಾಯವಾದೆ. ಅದು ನನ್ನ ಮೂಗು ಹಿಡಿದು ಬಿಡಲೇ ಇಲ್ಲ.

ದೊಡ್ಡ ನರ್ಸಮ್ಮ ಇನ್ನು ಮೇಲೆ ತಿಂಗಳಿಗೆ ನೂರು ಲೋಟ ಬೇಕೆಂದರಲ್ಲ, ಬಸ್ಸಿನಲ್ಲಿ ಅದನ್ನೇ ಯೋಚಿಸಿಕೊಂಡು ಬಂದೆ. ನಿನ್ನ ಪುಟ್ಟ ಆವಿಗೆ ತಿಂಗಳು ತಿಂಗಳೂ ಅಷ್ಟು ಹೊರಲಾರದು. ದೊಡ್ಡದೊಂದು ಬೇಕು. ಒಂಬತ್ತು ಸಾವಿರ ವ್ಯಾಟ್, ಮೂರು ಸುರುಳಿ. ಲೆಕ್ಕ ಹಾಕಿಟ್ಟಿದ್ದೇನೆ. ಸುತ್ತುವುದು ನಾವಿಬ್ಬರೂ ಕೂತು.

ನಿನ್ನೆ ಹದಿನೈದು ದಿನಕ್ಕೆ ರಜೆ ಚೀಟಿ ಕೊಟ್ಟೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಮೇಲಧಿಕಾರಿ ಗಾಬರಿಯಾಗಿ, “ಏನಮ್ಮಾ, ಆರೋಗ್ಯ ಸರಿ ಇಲ್ವಾ?” ಎಂದು ಕೇಳಿದರು.

“ತುಂಬಾ ಚೆನ್ನಾಗಿದೆ ಸರ್,” ಎಂದೆ. “ಅದಕ್ಕೇ.”

ಇಪ್ಪತ್ತನೇ ತಾರೀಕು ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಕಡ್ಡಿ